ಟಿಲ್ಲಿಯನ್ನು ಬೈಯಲು ಒಬ್ಬಳು ಬೇಕಿತ್ತು

ನನ್ನ ನಾದಿನಿ ಟಿಲ್ಲಿ ನಂಗಲಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎಪ್ಪತ್ತು ದಾಟಿದ ಮೇಲಾದರೂ ಇಳಿದೀತು ಎಂದು ಕಾದೆ, ಇಳಿಯಲಿಲ್ಲ. ನಾಯಿಗಳ ಮೇಲೆ ಕೋಪ, ಗಾಳಿಯ ಮೇಲೆ ಕೋಪ, ಅಂಗಡಿಯವನು ಮಾರುವ ಚಹಾಪುಡಿಯ ಮೇಲೆ ಕೋಪ. ಅವಳ ಅಣ್ಣನನ್ನು ಮದುವೆಯಾಗಿ ಮರುಭೂಮಿಯ ಈ ಹತ್ತು ಮೈಲಿ ಬೋರ್‌ವೆಲ್ ಎಂಬ ಊರಿಗೆ ಬಂದು ನನಗೆ ನಲವತ್ತು ವರ್ಷವಾಯಿತು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎರಡು ಮರ, ಒಂದು ಕೆಟ್ಟು ನಿಂತ ಕಾರು. ಆದ್ದರಿಂದ ಅವಳ ವಿಷಯ ಹೇಳಲು ನನಗಿಂತ ಹೆಚ್ಚು ಹಕ್ಕಿರುವವರು ಯಾರೂ ಇಲ್ಲ. ಅವಳಿಂದ ನನಗಿಂತ ಹೆಚ್ಚು ಬೇಸತ್ತವರೂ ಇಲ್ಲ.

ನಾನಿದನ್ನು ಬರೆಯುತ್ತಿರುವುದು ಅವಳಿಗೆ ಗೊತ್ತು. "ಬರ್ಕೋ ಹೋಗು. ಜಾಗದ ಹೆಸರು ಮಾತ್ರ ಬರೆದ್ಯೋ, ನಿನ್ನ ಕೈ ಮುರೀತೀನಿ" ಎಂದಿದ್ದಾಳೆ. ಆದ್ದರಿಂದ ಅವಳ ಅಪ್ಪನ ಜಾಗದ ಹೆಸರನ್ನು ನಾನು ಬರೆಯುವುದಿಲ್ಲ. ಒಂದು ಕೆಂಪು ಗುಡ್ಡ, ಅದರ ಕೆಳಗೆ ಒಂದು ಒರತೆ, ಅಷ್ಟು ಸಾಕು.

ಅಂಥ ಬಾಯಿಯ ಹೆಂಗಸು ಆ ಒರತೆಯ ಚಿತ್ರ ಬರೆಯುವುದನ್ನು ನಾಲ್ಕು ವರ್ಷ ಬಿಟ್ಟು ಕೂತಿದ್ದಳು. ನಮ್ಮೂರಿನ ಚಿತ್ರಶಾಲೆಗೆ ಮೆಲ್ಬರ್ನ್‌ನಿಂದ ಹೊಸ ಮ್ಯಾನೇಜರ್ ಬಂದಿದ್ದಳು, ಫಿಲಿಪ್ಪಾ ಎಂದು. ಒಳ್ಳೆಯ ಹುಡುಗಿ, ಬಿಸಿಲಿಗೆ ಮೂಗು ಸಿಪ್ಪೆ ಏಳುತ್ತಿತ್ತು. ನಾನು ಅಲ್ಲಿ ಕುಂಚ ತೊಳೆದು, ಬಣ್ಣ ಕಲಸಿ ಕೊಡುತ್ತೇನೆ. ಒಂದು ಬೆಳಗ್ಗೆ ಅವಳು ಹಾಸಿಗೆಯಷ್ಟು ದೊಡ್ಡ ಕ್ಯಾನ್ವಾಸ್ ತಂದು ಟಿಲ್ಲಿಯ ಮುಂದೆ ಹಾಸಿದಳು.

"ಟಿಲ್ಲಿ, ಸಿಡ್ನಿಯಲ್ಲಿ ದೊಡ್ಡ ಪ್ರದರ್ಶನ. ನಿನ್ನ ಹಳೇ ಒರತೆ ಚಿತ್ರ ನೋಡಿ ಹುಚ್ಚರಾಗಿದ್ದಾರೆ. ಅಂಥದ್ದೇ ಇನ್ನೊಂದು ಬೇಕಂತೆ."

"ಆಗಲ್ಲ" ಎಂದಳು ಟಿಲ್ಲಿ. ಅವಳು ಬರೆಯುತ್ತಿದ್ದುದು ಅಂಗೈಯಗಲದ ಒಂದು ಕಾಡು ಟೊಮೆಟೊ. ನಾಲ್ಕು ವರ್ಷದಿಂದ ಅವಳು ಬರೆದದ್ದೆಲ್ಲ ಅದೇ. ಯಾರ ಅಪ್ಪಣೆಯೂ ಬೇಡದ ಚಿತ್ರ ಅದು.

"ಯಾಕೆ ಆಗಲ್ಲ?"

"ನನ್ನ ಪೊಲೀಸ್ ಸತ್ತು ಹೋದಳು."

ಫಿಲಿಪ್ಪಾ ಕಂಗಾಲಾಗಿ ನನ್ನ ಮುಖ ನೋಡಿದಳು. ನಗು ತಡೆದುಕೊಂಡು ನಾನೇ ಬಿಡಿಸಿ ಹೇಳಬೇಕಾಯಿತು. ಅಪ್ಪನ ಜಾಗದ ಕಥೆ ಮಕ್ಕಳಿಗೆ ಬರುತ್ತದೆ, ಅವರು ಅದರ ಒಡೆಯರು. ಆದರೆ ಒಡತಿ ಒಬ್ಬಳೇ ಕೂತು ಬಣ್ಣ ಹಾಕುವ ಹಾಗಿಲ್ಲ. ಆ ಜಾಗದ ಹೆಣ್ಣುಮಕ್ಕಳು ಬೇರೆ ಕಡೆಗೆ ಮದುವೆಯಾಗಿ ಹೋಗುತ್ತಾರಲ್ಲ, ಅವರ ಹೊಟ್ಟೆಯಲ್ಲಿ ಹುಟ್ಟಿದವರು ತಾಯಿಯ ತವರಿಗೆ ಕಾವಲು. ಅಂಥ ಒಬ್ಬಳು ಪಕ್ಕದಲ್ಲಿ ಕೂತು ನೋಡಬೇಕು, ತಪ್ಪಿದರೆ ಬೈಯಬೇಕು, ಕೊನೆಗೆ ಸರಿ ಎನ್ನಬೇಕು. ಅವಳು ಸರಿ ಎನ್ನದೆ ಹೋದರೆ ಅದು ಚಿತ್ರವಲ್ಲ, ಚೆಲ್ಲಿದ ಬಣ್ಣ. ನಮ್ಮ ಮಾತಿನಲ್ಲಿ ಆ ಕಾವಲಿನವಳಿಗೆ ಬೇರೆಯೇ ಹೆಸರಿದೆ. ಬಿಳಿಯರಿಗೆ ಅರ್ಥವಾಗಲಿ ಎಂದು ನಾವು ತಮಾಷೆಗೆ ಪೊಲೀಸ್ ಎನ್ನುತ್ತೇವೆ.

"ಹಾಗಾದರೆ ನುಂಗರಾಯಿ ಕೂತ್ಕೊಳ್ಳಲಿ" ಎಂದು ಫಿಲಿಪ್ಪಾ ನನ್ನನ್ನು ತೋರಿಸಿದಳು.

"ಇವಳಾ?" ಟಿಲ್ಲಿ ಕುಂಚವನ್ನೇ ಕೆಳಗಿಟ್ಟಳು. "ಇವಳು ನಮ್ಮ ಮನೆ ಸೊಸೆ ಕಣಮ್ಮಾ, ಮಗಳ ಮಗಳಲ್ಲ. ಮೇಲಾಗಿ ಇವಳಿಗೆ ತಾನೇ ಬೂದಿಗೆ ಹಾಕಿದ ರೊಟ್ಟಿ ಸೀದದ್ದು ಗೊತ್ತಾಗಲ್ಲ, ನನ್ನ ತಪ್ಪು ಏನು ಗೊತ್ತಾದೀತು?"

"ಸೀದ ರೊಟ್ಟಿನೇ ನಲವತ್ತು ವರ್ಷದಿಂದ ತಿಂತಿದ್ದೀಯಲ್ಲೇ" ಎಂದೆ ನಾನು.

ಆದರೆ ಅವಳು ಹೇಳಿದ್ದು ನಿಜವೇ. ನನಗೆ ಆ ಹಕ್ಕಿಲ್ಲ. ಟಿಲ್ಲಿಗೆ ಮಕ್ಕಳಾಗಲಿಲ್ಲ. ಅವಳ ಎರಡನೇ ಅಕ್ಕನ ಮಗಳು ಇಪ್ಪತ್ತೈದು ವರ್ಷ ಅವಳ ಪಕ್ಕದಲ್ಲಿ ಕಾವಲು ಕೂತಿದ್ದಳು, ಆಮೇಲೆ ಕಿಡ್ನಿ ಕೆಟ್ಟು ಆಲಿಸ್ ಸ್ಪ್ರಿಂಗ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸತ್ತವರ ಹೆಸರನ್ನು ನಾವು ಹೇಳುವುದಿಲ್ಲ, ಹಾಗಾಗಿ ಅವಳನ್ನು ಇಲ್ಲಿ ಹೋದವಳು ಎಂದಷ್ಟೇ ಕರೆಯುತ್ತೇನೆ. ದೊಡ್ಡಕ್ಕನಿಗೂ ಒಬ್ಬ ಮಗಳಿದ್ದಳು. ಅವಳನ್ನು ನಾಲ್ಕು ವರ್ಷದ ಕೂಸಾಗಿದ್ದಾಗ ಸರ್ಕಾರದವರು ಎತ್ತಿಕೊಂಡು ಹೋದರು.

ಇದರ ಜೊತೆಗೆ ಟಿಲ್ಲಿಯ ಕಣ್ಣು. ಸಕ್ಕರೆ ಕಾಯಿಲೆ ಎಡಗಣ್ಣನ್ನು ಪೂರ್ತಿ ತಿಂದಿತ್ತು, ಬಲಗಣ್ಣು ಇನ್ನು ಒಂದು ವರ್ಷವೋ ಎರಡೋ ಎಂದು ಡಾಕ್ಟರ್ ಹೇಳಿದ್ದರು. ಅವಳ ಸೋದರತ್ತೆಯರು ಎದೆಯ ಮೇಲೆ ಬರೆದುಕೊಂಡು ಕುಣಿಯುತ್ತಿದ್ದ, ಮರಳಿನ ಮೇಲೆ ಬೆರಳಿನಲ್ಲಿ ಎಳೆದು ಅವಳಿಗೆ ಕಲಿಸಿದ ಆ ಒರತೆಯ ರೇಖೆಗಳು ಈಗ ಅವಳೊಬ್ಬಳ ಕೈಯಲ್ಲಿದ್ದವು. ಕಾವಲಿನವಳು ಸಿಗದಿದ್ದರೆ ಅವಳ ಜೊತೆಗೇ ಅವೂ ಮಣ್ಣಾಗುತ್ತಿದ್ದವು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹಿಡಿದ ಹಠ ಬಿಡಲಿಲ್ಲ.

ಹಠ ಅವಳಿಗೆ ಅಪ್ಪನಿಂದ ಬಂದದ್ದು. ನನ್ನ ಮಾವ ಬಟ್ಟೆ ಎಂದರೇನೆಂದು ತಿಳಿಯದೆ ದೊಡ್ಡವರಾದವರು. ಗುಡ್ಡದಿಂದ ಗುಡ್ಡಕ್ಕೆ, ನೀರಿನಿಂದ ನೀರಿಗೆ ನಡೆದವರು. ಅವರು ಯುವಕರಾಗಿದ್ದಾಗ ದನಗಳು ಬಂದವು, ದನಗಳ ಹಿಂದೆ ಕುದುರೆ ಮೇಲೆ ಬಿಳಿಯರು ಬಂದರು, ಅವರ ಹಿಂದೆ ಬಂದೂಕು ಬಂತು. ಆ ಕಾಲದ ಮಾತನ್ನು ಮಾವ ಎತ್ತುತ್ತಿರಲಿಲ್ಲ. ಕೇಳಿದರೆ ಎದ್ದು ಹೋಗುತ್ತಿದ್ದರು. ದನಗಳು ಒರತೆಯನ್ನು ತುಳಿದು ಕೆಸರು ಮಾಡಿದವು, ಆಮೇಲೆ ಸುತ್ತ ಬೇಲಿ ಬಂತು. ಟಿಲ್ಲಿ ಏಳೆಂಟು ವರ್ಷದವಳಾಗಿದ್ದಾಗ ಎಲ್ಲರನ್ನೂ ಲಾರಿಗೆ ತುಂಬಿ ಈ ಬೋರ್‌ವೆಲ್‌ಗೆ ತಂದು ಇಳಿಸಿದರು. ಹಿಟ್ಟು, ಸಕ್ಕರೆ, ಚಹಾ, ಒಂದೊಂದು ಕಂಬಳಿ. ಮಾವ ಎರಡು ಸಲ ಕಾಲ್ನಡಿಗೆಯಲ್ಲೇ ವಾಪಸ್ಸು ಹೊರಟರಂತೆ, ಎರಡು ಸಲವೂ ಹಿಡಿದು ತಂದರಂತೆ. ಮೂರನೇ ಸಲ ಅವರು ಹೋಗಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಆ ದಾರಿಯನ್ನೆಲ್ಲ ಎಳೆದು ತೋರಿಸತೊಡಗಿದರು.

ದೊಡ್ಡಕ್ಕ ಬಿಳಿಯರ ದನದ ಕ್ಯಾಂಪಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಹುಟ್ಟಿದ ಮಗು ಬೆಳ್ಳಗಿತ್ತು. ಬೆಳ್ಳಗಿನ ಮಕ್ಕಳನ್ನು ಬಿಳಿಯರ ಅನಾಥಾಲಯಕ್ಕೆ ಒಯ್ಯಲು ಸರ್ಕಾರದ ಲಾರಿ ಹುಡುಕಿಕೊಂಡು ಬರುತ್ತಿತ್ತು. ಆದ್ದರಿಂದ ನಮ್ಮ ಹೆಂಗಸರು ಬೆಳಗಾದರೆ ಅಂಥ ಮಕ್ಕಳಿಗೆ ಕೊಬ್ಬು, ಇದ್ದಿಲು ಕಲಸಿ ಅಡಿಯಿಂದ ಮುಡಿಯವರೆಗೆ ಹಚ್ಚಿ ಕಪ್ಪು ಮಾಡುತ್ತಿದ್ದರು. ನಾಲ್ಕು ವರ್ಷ ಹಾಗೆ ಹಚ್ಚಿದರು. ಒಂದು ದಿನ ಲಾರಿ ಬಂತು, ಮಗು ಹೋಯಿತು. ದೊಡ್ಡಕ್ಕ ಅಂದಿನಿಂದ ಸಾಯುವವರೆಗೆ ರಸ್ತೆಯಲ್ಲಿ ದೂಳೆದ್ದರೆ ಸಾಕು, ಎದ್ದು ನಿಲ್ಲುತ್ತಿದ್ದಳು. ನಾನು ಮದುವೆಯಾಗಿ ಬಂದ ಮೇಲೂ ಅದನ್ನು ಕಣ್ಣಾರೆ ನೋಡಿದ್ದೇನೆ. ಅಂಗಡಿಯ ಗಾಡಿಗೂ ನಿಲ್ಲುತ್ತಿದ್ದಳು.

ಟಿಲ್ಲಿ ಮಾತ್ರ ಆ ಮಗುವಿನ ಸುದ್ದಿ ಎತ್ತುತ್ತಿರಲಿಲ್ಲ. ಅವಳದೊಂದು ವಿಚಿತ್ರ ನಾನು ಗಮನಿಸಿದ್ದೆ. ಎಂಥ ಬೇಸಿಗೆಯಲ್ಲೂ ಅವಳು ಬೋರ್‌ವೆಲ್‌ನ ದನದ ತೊಟ್ಟಿಯ ಹತ್ತಿರ ಹೋಗುವುದಿಲ್ಲ. ಊರಿನ ಹೆಂಗಸರೆಲ್ಲ ಅಲ್ಲಿ ಕಾಲು ಇಳಿಬಿಟ್ಟು ಹರಟುತ್ತಿದ್ದರೆ ಇವಳು ಸುತ್ತು ಹಾಕಿಕೊಂಡು ನಡೆಯುತ್ತಾಳೆ. ಕೇಳಿದರೆ "ದನದ ಎಂಜಲು" ಎನ್ನುತ್ತಾಳೆ. ಅದೂ ಅವಳ ಕೋಪಗಳಲ್ಲಿ ಒಂದು ಎಂದುಕೊಂಡು ನಾನು ಸುಮ್ಮನಿದ್ದೆ.

ಹೋದ ವರ್ಷ ಚಳಿ ಕಳೆಯುವ ಹೊತ್ತಿಗೆ ಅಡಿಲೇಡ್‌ನಿಂದ ಒಂದು ಕಾಗದ ಬಂತು. ಹಳೆಯ ಕಡತಗಳನ್ನು ಹುಡುಕಿ ಮನೆಯವರನ್ನು ಜೋಡಿಸುವ ಕೆಲಸ ಮಾಡುವವರು ಬರೆದದ್ದು. ಲೊರೇನ್ ಎಂಬ ಐವತ್ತೆರಡು ವರ್ಷದ ಹೆಂಗಸು, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಗಂಡ ಇಲ್ಲ, ಮಗ ದೊಡ್ಡವನು. ನಮ್ಮ ದೊಡ್ಡಕ್ಕನ ಮಗಳು. ಚಿತ್ರಶಾಲೆಯ ಜಗಲಿಯ ಮೇಲೆ ಕೂತು ಅದನ್ನು ನಾನೇ ಓದಿ ಹೇಳಿದೆ. ಟಿಲ್ಲಿ ಸಂಜೆಯವರೆಗೆ ಒಂದೇ ಟೊಮೆಟೊ ಮೇಲೆ ಚುಕ್ಕೆ ಇಟ್ಟಳು, ಇಟ್ಟಳು, ಅದು ಚುಕ್ಕೆಯೊಳಗೇ ಮುಳುಗಿ ಹೋಯಿತು.

ಮೂರು ವಾರಕ್ಕೆ ಲೊರೇನ್ ಬಂದಳು. ಬಸ್ಸಿನಿಂದ ಇಳಿದದ್ದು ದಪ್ಪನೆಯ, ಗಿಡ್ಡನೆಯ ಹೆಂಗಸು. ಕೈಯಲ್ಲಿ ಚಕ್ರದ ಪೆಟ್ಟಿಗೆ, ಅದು ಮರಳಿನಲ್ಲಿ ಹೂತು ಎಳೆದರೂ ಬರಲಿಲ್ಲ. ಮುಖ ಥೇಟ್ ದೊಡ್ಡಕ್ಕನದೇ. ಟಿಲ್ಲಿ ಅವಳ ಕೈ ಹಿಡಿದು ನೆಲಕ್ಕೆ ಕೂರಿಸಿದಳು, ಕೊರಳಿಗೆ ಬಿದ್ದು ದನಿ ತೆಗೆದು ಅತ್ತಳು. ಹೋದವಳನ್ನು ನೆನೆದು, ದೊಡ್ಡಕ್ಕನನ್ನು ನೆನೆದು ನಾವೆಲ್ಲ ಸುತ್ತ ಕೂತು ಅತ್ತೆವು. ನಮ್ಮಲ್ಲಿ ಹಾಗೇ, ಮೊದಲು ಅಳು ತೀರಬೇಕು, ಆಮೇಲೆ ಮಾತು. ಪಾಪ, ಲೊರೇನ್ ಕಣ್ಣು ಒದ್ದೆಯಾಗದೆ, ಎಲ್ಲಿ ನೋಡಬೇಕೋ ತಿಳಿಯದೆ, ನನ್ನ ನಾಯಿಯ ತಲೆ ಸವರುತ್ತಿದ್ದಳು.

ಅಳು ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ನಿಮ್ಮನ್ನ ನೋಡಿ ತುಂಬಾ ಸಂತೋಷ ಆಯ್ತು, ಟಿಲ್ಲಿ ಆಂಟಿ."

ಟಿಲ್ಲಿಯ ಅಳು ನಿಂತಿತು. "ಆಂಟಿಯಂತೆ! ಅಂಗಡಿಯವಳನ್ನ ಕರೆದ ಹಾಗೆ. ನಿನ್ನ ಅವ್ವನ ತಂಗಿ ನಿನಗೇನಾಗ್ಬೇಕು? ಅವ್ವ ಆಗ್ಬೇಕು. ಇವಳು ನಿನ್ನ ಸೋದರಮಾವನ ಹೆಂಡತಿ, ಇವಳು ಅತ್ತೆ. ನಮ್ಮ ಕುಲದ ಲೆಕ್ಕದಲ್ಲಿ ನೀನು ನಪಲ್ಜಾರಿ. ಇಷ್ಟು ಬಾಯಿಪಾಠ ಮಾಡ್ಕೊಂಡು ಆಮೇಲೆ ಚಹಾ ಕುಡಿ."

"ಬಂದವಳಿಗೆ ಮೊದಲು ಚಹಾ ಕೊಡೇ, ರಾಕ್ಷಸಿ" ಎಂದು ನಾನು ಲೋಟ ಮುಂದೆ ಹಿಡಿದೆ.

ಲೊರೇನ್ ಎರಡು ವಾರಕ್ಕೆಂದು ಬಂದಿದ್ದಳು. ಹತ್ತು ದಿನ ಒಳ್ಳೆಯ ಹೆಣ್ಣುಮಗಳ ಹಾಗೆ ಎಲ್ಲವನ್ನೂ ಕೇಳಿದಳು, ಎಲ್ಲದಕ್ಕೂ ತಲೆಯಾಡಿಸಿದಳು. ಉಡದ ಬಾಲ ತಿಂದಳು, ಅರ್ಧ ನಾಯಿಗೆ ಹಾಕಿದ್ದನ್ನು ನಾನು ನೋಡಿದೆ. ಹನ್ನೊಂದನೇ ದಿನ ಟಿಲ್ಲಿ ಒಂದು ಸಣ್ಣ ಕ್ಯಾನ್ವಾಸ್ ತೆಗೆದುಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನಾಲ್ಕು ವರ್ಷದ ಮೇಲೆ ಮೊದಲ ಸಲ ಒರತೆಯ ರೇಖೆ ಎಳೆಯಲು ಹೊರಟಿದ್ದಳು. ನಾನು ಬಣ್ಣ ಕಲಸಿ ಕೊಟ್ಟೆ.

ಗುಡ್ಡ ಬಂತು, ಮೋಡ ಬಂತು. ಆಮೇಲೆ ಟಿಲ್ಲಿ ಒರತೆಯ ವೃತ್ತವನ್ನು ಗುಡ್ಡದ ನೆತ್ತಿಯ ಮೇಲೆ ಬರೆದಳು! ನಾನು ಸೊಸೆ, ಬಾಯಿ ತೆರೆಯುವ ಹಾಗಿಲ್ಲ, ತುಟಿ ಕಚ್ಚಿಕೊಂಡೆ. ಗುಡ್ಡದ ನೆತ್ತಿಯ ಮೇಲೆ ಒರತೆ ಎಲ್ಲಾದರೂ ಇದ್ದೀತೇ? ಬೇಕೆಂದೇ ತಪ್ಪು ಮಾಡಿದ್ದಳು. ಮಾಡಿ, ಕುಂಚ ಎತ್ತಿಕೊಂಡು, ಲೊರೇನ್ ಕಡೆಗೆ ತಿರುಗಿ ಕಾದಳು.

"ತುಂಬಾ ಚೆನ್ನಾಗಿದೆ, ಅವ್ವಾ" ಎಂದಳು ಲೊರೇನ್. "ಬಣ್ಣ ಎಷ್ಟು ಮುದ್ದಾಗಿ ಕೂತಿದೆ."

ಟಿಲ್ಲಿ ಕಪ್ಪು ಬಣ್ಣದ ಡಬ್ಬಿ ಎಳೆದುಕೊಂಡು ಕ್ಯಾನ್ವಾಸಿಗೆ ಅಂಚಿನಿಂದ ಅಂಚಿಗೆ ಬಳಿದುಬಿಟ್ಟಳು. ಎದ್ದು ಮನೆಗೆ ಹೋದಳು. ಲೊರೇನ್ ಬಿಳಿಚಿಕೊಂಡು ಕೂತಳು.

"ನಾನೇನು ತಪ್ಪು ಮಾಡಿದೆ, ಅತ್ತೆ?"

"ಹೊಗಳಿದೆ" ಎಂದೆ. "ಅವಳಿಗೆ ಹೊಗಳೋರು ಬೇಡ. ಸಿಡ್ನಿ ತುಂಬ ಹೊಗಳೋರೇ ಇದ್ದಾರೆ. ಬೈಯೋರು ಒಬ್ಬರೂ ಉಳಿದಿಲ್ಲ."

ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾವಲು, ತಪ್ಪು, ಸರಿ, ಟಿಲ್ಲಿಯ ಕಣ್ಣು. ಅವಳು ಬೆರಳಿಗೆ ಅಂಟಿದ ಬಣ್ಣ ಕೆರೆಯುತ್ತಾ ಹೇಳಿದಳು:

"ನಾನು ಆಸ್ಪತ್ರೇಲಿ ಮುನ್ನೂರು ಜನರಿಗೆ ಸೂಪ್ ಮಾಡೋಳು. ಆ ಜಾಗ ನಾನು ನೋಡೇ ಇಲ್ಲ. ನೋಡದೇ ಇರೋದನ್ನ ಸರಿ ಅಂತ ಹೇಗೆ ಹೇಳಲಿ, ತಪ್ಪು ಅಂತ ಹೇಗೆ ಹೇಳಲಿ?"

ಐವತ್ತೆರಡು ವರ್ಷದ ಹೆಂಗಸು ಮೊದಲ ಸಲ ಬುದ್ಧಿಯ ಮಾತಾಡಿದ್ದಳು. ನಾನು ಹೋಗಿ ಟಿಲ್ಲಿಯ ಬಾಗಿಲು ಬಡಿದೆ.

"ಏಳೇ. ನಾಳೆ ಜಾಗಕ್ಕೆ ಹೋಗೋಣ. ನೀನು ದೊಡ್ಡ ಮೇಷ್ಟ್ರು, ಪಾಠ ಮಾಡದೇ ಪರೀಕ್ಷೆ ಕೊಟ್ಟಿದ್ದೀಯ."

ಬೆಳಗ್ಗೆ ನೋಡಿದರೆ ಟಿಲ್ಲಿ ಅಗೆಯುವ ಕೋಲು, ಮರದ ಮರಿಗೆ, ಸಕ್ಕರೆ ಡಬ್ಬಿ ಹಿಡಿದುಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಚಿತ್ರಶಾಲೆಯ ಗಾಡಿ ನಾನೇ ಓಡಿಸಿದೆ. ನೂರಾ ಹತ್ತು ಕಿಲೋಮೀಟರ್, ಕೊನೆಯ ನಲವತ್ತು ಬರೀ ಮುಳ್ಳುಹುಲ್ಲು. ಈಗ ಆ ನೆಲ ಮತ್ತೆ ನಮ್ಮದೇ, ಕೋರ್ಟಿನಲ್ಲಿ ಕೇಸು ನಡೆದು ವಾಪಸ್ಸು ಬಂದಿದೆ. ಬೇಲಿಯ ತಂತಿ ತುಕ್ಕು ಹಿಡಿದು ಬಿದ್ದಿತ್ತು. ಅದರ ಮೇಲೆ ಗಾಡಿ ಹತ್ತಿಸುವಾಗೆಲ್ಲ ನನಗೊಂದು ಖುಷಿ.

ಗುಡ್ಡ ಕಂಡದ್ದೇ ಟಿಲ್ಲಿ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು, ಗಟ್ಟಿಯಾಗಿ ಕೂಗಿ ಹೇಳಿದಳು: "ಅಪ್ಪಾ! ನಾನು, ನಿನ್ನ ಕಿರೀ ಮಗಳು. ನಿನ್ನ ದೊಡ್ಡ ಮಗಳ ಮಗಳನ್ನ ಕರ್ಕೊಂಡು ಬಂದಿದ್ದೀನಿ. ಇವಳಿಗೆ ನಮ್ಮ ಮಾತು ಬರಲ್ಲ, ಆದ್ರೆ ನಿಮ್ಮವಳೇ. ಹೆದರಿಸಬೇಡಿ!" ಹೊಸಬರನ್ನು ಅಲ್ಲಿರುವ ಸತ್ತ ಹಿರಿಯರಿಗೆ ಹಾಗೆ ಒಪ್ಪಿಸದೆ ನಾವು ಯಾವ ನೀರನ್ನೂ ಮುಟ್ಟಿಸುವುದಿಲ್ಲ.

ಗುಡ್ಡದ ಬುಡದಲ್ಲಿ ಒಂದು ಬೋಳುಬಂಡೆ ಇದೆ. ಮಕ್ಕಳಿಗೂ ಹೇಳುವ ಹೊರಗಿನ ಕಥೆ ಇಷ್ಟು: ಮಳೆಯ ನೀರು ಎರಡು ತೊರೆಯಾಗಿ ಗುಡ್ಡ ಇಳಿದು ಬಂತು, ಬಂಡೆಯ ಹತ್ತಿರ ಇಬ್ಬರಿಗೂ ಜಗಳವಾಯಿತು. ಒಂದು ತೊರೆ ಬಲಕ್ಕೆ ಹೋಗಿ ಬಯಲಲ್ಲಿ ಕೆರೆಯಾಗಿ ನಿಂತಿತು. ಇನ್ನೊಂದು ಎಡಕ್ಕೆ ಹೋಗಿ ಮರಳೊಳಗೆ ಅಡಗಿತು. ಒಳಗಿನ ಕಥೆ ಬೇರೆ, ಅದು ಇಲ್ಲಿಗಲ್ಲ.

ಲೊರೇನ್ ಒಣಮರಳನ್ನು ನೋಡಿ "ನೀರು ಎಲ್ಲಿ?" ಎಂದಳು.

"ಅಗಿ" ಎಂದಳು ಟಿಲ್ಲಿ, ಕೋಲು ಎಸೆದು. "ಕೇಳಿದ್ರೆ ಬರಲ್ಲ, ಅಗೆದ್ರೆ ಬರುತ್ತೆ."

ಸೂಪ್ ಮಾಡುವ ಕೈಗೆ ಶಕ್ತಿಯಿತ್ತು. ಮೊಣಕಾಲೂರಿ ಅಗೆದಳು. ಕೋಲಿನಿಂದ, ಆಮೇಲೆ ಮರಿಗೆಯಿಂದ, ಆಮೇಲೆ ಕೈಯಿಂದ. ತೋಳು ಭುಜದವರೆಗೆ ಒಳಗಿಳಿದ ಮೇಲೆ ಮರಳು ಬಣ್ಣ ತಿರುಗಿತು, ತಂಪಾಯಿತು. ಬೆರಳ ಸಂದಿಯಲ್ಲಿ ನೀರು ಜಿನುಗಿತು. ಅವಳು ಕಿರುಚಿದಳು, ಹುಡುಗಿಯ ಹಾಗೆ. ಟಿಲ್ಲಿ ಆ ನೀರನ್ನು ಬಾಯಿತುಂಬ ತೆಗೆದುಕೊಂಡು ಅವಳ ತಲೆಯ ಮೇಲೆ ಪುರ್ ಎಂದು ಉಗುಳಿದಳು, ನೆಲಕ್ಕೆ ಅವಳ ಗುರುತು ಸಿಗಲಿ ಎಂದು. ಲೊರೇನ್ ಮುಖ ಒರೆಸಿಕೊಳ್ಳಲಿಲ್ಲ.

ಆಗ ಟಿಲ್ಲಿ, ನಾನು ನಲವತ್ತು ವರ್ಷದಲ್ಲಿ ಕೇಳದ ಮಾತನ್ನು ಹೇಳಿದಳು. ನಮ್ಮಿಬ್ಬರ ಕಡೆಗೂ ನೋಡದೆ, ನೀರಿಗೆ ಹೇಳಿದ ಹಾಗೆ.

"ಅವತ್ತು ಅಕ್ಕ ಕಾಡುಗೆಣಸಿಗೆ ಹೋಗಿದ್ಳು. ನಿನ್ನನ್ನ ನನ್ನ ಕೈಗೆ ಕೊಟ್ಟು ಹೋಗಿದ್ಳು. ಬೆಳಗ್ಗೆ ನಾನೇ ಇದ್ದಿಲು ಹಚ್ಚಿದ್ದೆ. ಬಿಸಿಲೋ ಬಿಸಿಲು. ನೀನು ದನದ ತೊಟ್ಟಿ ನೋಡಿ ನೀರು ನೀರು ಅಂತ ಅತ್ತೆ. ಇರ್ಲಿ, ಒಂದು ಗಳಿಗೆ ಅಂತ ಇಳಿಸಿದೆ. ಆಡ್ತಾ ಆಡ್ತಾ ಇದ್ದಿಲೆಲ್ಲ ತೊಳೆದು ಹೋಯ್ತು. ಮತ್ತೆ ಹಚ್ಚೋಕೆ ಅಂತ ಒಲೆ ಹತ್ರ ಹೋದೆ, ಅಷ್ಟರಲ್ಲಿ ಲಾರಿ ಬಂತು. ಅಕ್ಕ ಸಾಯೋವರೆಗೂ ನನ್ನನ್ನ ಒಂದು ಮಾತು ಬೈಲಿಲ್ಲ. ಒಂದೇ ಒಂದು ಮಾತು. ಬೈದಿದ್ರೆ ಚೆನ್ನಾಗಿತ್ತು."

ಅವಳು ತೊಟ್ಟಿಯನ್ನು ಬಳಸಿ ನಡೆದ ಅಷ್ಟೂ ಬೇಸಿಗೆಗಳು ನೆನಪಾದವು. ದನದ ಎಂಜಲು ಎಂದದ್ದನ್ನು ನಾನು ನಂಬಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಲೊರೇನ್ ಗುಂಡಿಯ ಪಕ್ಕ ಒದ್ದೆ ಮರಳಿನ ಮೇಲೆ ಕೂತಿದ್ದಳು. "ಅವ್ವಾ," ಎಂದಳು, "ನನಗೆ ನನ್ನ ಅಮ್ಮನ ಮುಖ ನೆನಪಿಲ್ಲ. ನನ್ನ ಮೊದಲಿನ ಹೆಸರೂ ನೆನಪಿಲ್ಲ. ಆ ಲಾರಿಯೂ ನೆನಪಿಲ್ಲ. ನೆನಪಿರೋದು ಒಂದೇ. ಕುತ್ತಿಗೆವರೆಗೂ ತಣ್ಣಗೆ ನೀರು. ಯಾರೋ ಜೋರಾಗಿ ನಗ್ತಿದ್ರು. ಆ ಅನಾಥಾಲಯದಲ್ಲಿ ಹೊಡೆದಾಗೆಲ್ಲ ಕಣ್ಣು ಮುಚ್ಚಿ ಆ ನೀರಲ್ಲಿ ಕೂರ್ತಿದ್ದೆ. ಅದು ಕನಸು ಅಂದ್ಕೊಂಡಿದ್ದೆ."

ಟಿಲ್ಲಿಯ ಕಡೆಗೆ ತಿರುಗಿ ಕೇಳಿದಳು: "ನಗ್ತಿದ್ದೋಳು ನೀವಾ?"

ಟಿಲ್ಲಿ ತಲೆಯಾಡಿಸಿದಳು. ಈ ಸಲ ಲೊರೇನ್ ಕಣ್ಣು ಒಣಗಿರಲಿಲ್ಲ. ಇಬ್ಬರೂ ಅತ್ತು ಸುಸ್ತಾಗುವವರೆಗೆ ನಾನು ಬೆಂಕಿ ಮಾಡಿ, ಆ ನೀರಿನಲ್ಲೇ ಚಹಾ ಕಾಸಿದೆ. ಮರಳು ಮರಳಾಗಿತ್ತು. ಅಷ್ಟು ಒಳ್ಳೆಯ ಚಹಾ ನಾನು ಬೇರೆ ಕುಡಿದಿಲ್ಲ.

ಲೊರೇನ್ ಎರಡು ವಾರಕ್ಕೆ ಹೋಗಲಿಲ್ಲ. ಫೋನ್ ಮಾಡಿ ಕೆಲಸಕ್ಕೆ ರಜೆ ಹಾಕಿದಳು, ಆಮೇಲೆ ಕೆಲಸವನ್ನೇ ಬಿಟ್ಟಳು. ಮಳೆಗಾಲ ಹಿಡಿಯುವ ಮೊದಲು ಇನ್ನೂ ನಾಲ್ಕು ಸಲ ಆ ಜಾಗಕ್ಕೆ ಹೋದೆವು. ಬಂಡೆಯಿಂದ ಒರತೆಗೆ, ಒರತೆಯಿಂದ ಕೆರೆಗೆ ಅವಳನ್ನು ಬರಿಗಾಲಲ್ಲಿ ನಡೆಸಿದಳು ಟಿಲ್ಲಿ. ಒಳಗಿನ ಕಥೆಯನ್ನೂ ಅವಳಿಗೆ ಕೊಟ್ಟಳು, ಆಗ ನಾನು ದೂರ ಹೋಗಿ ಗಾಡಿಯ ನೆರಳಲ್ಲಿ ಮಲಗಿದೆ. ನಮ್ಮ ಮಾತನ್ನು ಲೊರೇನ್ ಕಲಿತ ಚೆಂದಕ್ಕೆ ಊರೇ ನಕ್ಕಿತು. ಒಂದು ಸಲ ಪಾದ್ರಿಗೆ ಊಟಕ್ಕೆ ಬನ್ನಿ ಎನ್ನಲು ಹೋಗಿ, ನಿಮ್ಮನ್ನು ಬೇಯಿಸುತ್ತೇನೆ ಎಂದಳು. ನಕ್ಕರೂ ಬಿಡಲಿಲ್ಲ. ಹುಟ್ಟುಗುಣ, ಅಜ್ಜನ ಹಠ.

ಒಂದು ಸೋಮವಾರ ಫಿಲಿಪ್ಪಾಳ ಆ ಹಾಸಿಗೆಯಷ್ಟು ದೊಡ್ಡ ಕ್ಯಾನ್ವಾಸನ್ನು ಟಿಲ್ಲಿ ತಾನೇ ಕೇಳಿ ನೆಲಕ್ಕೆ ಹಾಸಿಸಿದಳು. ಹನ್ನೆರಡು ದಿನ ಬರೆದಳು. ಲೊರೇನ್ ಪಕ್ಕದಲ್ಲಿ ಕಾಲು ಚಾಚಿ ಕೂತು, ನೊಣ ಹೊಡೆಯುತ್ತಾ, ಬಾಯಿಗೆ ಬೀಗ ಹಾಕಿದ ಹಾಗೆ ನೋಡುತ್ತಿದ್ದಳು. ಮೋಡ ಸರಿಯಾಗಿತ್ತು. ಗುಡ್ಡ ಸರಿಯಾಗಿತ್ತು, ಒರತೆ ಅದರ ಬುಡದಲ್ಲೇ ಇತ್ತು. ಬಂಡೆಯ ಎರಡು ಪಕ್ಕದಲ್ಲಿ ಎರಡು ತೊರೆ ಇಳಿದು ಬಂದವು.

ಹದಿಮೂರನೇ ದಿನ ಟಿಲ್ಲಿ ಎಡಗಡೆಯ ತೊರೆಯನ್ನು ಬಿಳಿ ಬಣ್ಣದಲ್ಲಿ ಎಳೆಯುತ್ತಿದ್ದಳು. ಬಲಗಣ್ಣು ಕ್ಯಾನ್ವಾಸಿಗೆ ತಾಗುವಷ್ಟು ಬಗ್ಗಿದ್ದಳು. ರೇಖೆ ಬಂಡೆಯನ್ನು ದಾಟಿತು. ದಾಟಿ, ಮೆಲ್ಲಗೆ ಬಲಕ್ಕೆ ವಾಲಿತು. ಇನ್ನೊಂದು ತೊರೆಯ ಕಡೆಗೆ ಹೋಗುತ್ತಿತ್ತು. ನಾನು ಟಿಲ್ಲಿಯ ಮುಖ ನೋಡಿದೆ. ಇದು ಪರೀಕ್ಷೆಯಲ್ಲ. ಅವಳಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಕೈ ತಾನಾಗಿ ವಾಲುತ್ತಿತ್ತು. ನಾನು ಸೊಸೆ. ಬಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡೆ.

"ನಿಲ್ಸು" ಎಂದಳು ಲೊರೇನ್.

ಕುಂಚ ನಿಂತಿತು.

"ತಪ್ಪು. ಅದು ಅಲ್ಲಿ ಸೇರಲ್ಲ."

ಟಿಲ್ಲಿ ತಲೆಯೆತ್ತಿದಳು. ಮೂಗಿನ ಹೊಳ್ಳೆಗಳು ಅರಳಿದವು. "ಏನಂದೆ? ನನ್ನಪ್ಪನ ಜಾಗನ ನನಗೇ ಹೇಳಿಕೊಡ್ತೀಯಾ?"

"ಹೂಂ, ಹೇಳಿಕೊಡ್ತೀನಿ. ನಿನ್ನಪ್ಪನ ಜಾಗ ಆದ್ರೆ ಏನಾಯ್ತು, ನನ್ನ ಅವ್ವನ ತವರು ಅದು. ಆ ನೀರು ಮರಳೊಳಗೆ ಹೋಗುತ್ತೆ. ಈ ಕೈಯಲ್ಲಿ ಅಗೆದಿದ್ದೀನಿ ನಾನು. ಕಣ್ಣು ಕಾಣಿಸದೇ ಇದ್ರೆ ನನ್ನನ್ನ ಕೇಳ್ಬೇಕು. ಸುಮ್ನೆ ಎಲ್ಲೆಲ್ಲೋ ಎಳೀಬಾರ್ದು. ಒರೆಸು ಅದನ್ನ."

ಚಿತ್ರಶಾಲೆಯಲ್ಲಿ ಉಳಿದ ಹೆಂಗಸರ ಕುಂಚಗಳೂ ನಿಂತವು. ಫಿಲಿಪ್ಪಾ ಬಾಗಿಲಲ್ಲಿ ಚಹಾದ ಲೋಟ ಹಿಡಿದು ಹಾಗೇ ನಿಂತಿದ್ದಳು. ಟಿಲ್ಲಿ ಬೆರಳಿನಿಂದ ಬಂಡೆಯನ್ನು ತಡವಿದಳು, ಒಣಗಿದ ಬಣ್ಣದ ಉಬ್ಬು ಹಿಡಿದು ಎಡದ ತೊರೆಗೆ ಬಂದಳು, ಅಲ್ಲಿಂದ ಹಸಿ ರೇಖೆಯ ಮೇಲೆ ಬೆರಳಾಡಿಸಿ ಅದು ವಾಲಿದ ಕಡೆಗೆ ಹೋದಳು. ಬೆರಳು ಬೆಳ್ಳಗಾಯಿತು. ಅವಳ ಭುಜ ಅದುರತೊಡಗಿತು. ಸಿಟ್ಟಿಗೆ ಎಂದುಕೊಂಡೆ. ನಗು ಅದು. ನಗುತ್ತಲೇ ಕಣ್ಣಿಂದ ನೀರು ಸುರಿಯಿತು.

"ನುಂಗರಾಯಿ, ಕೇಳಿಸ್ಕೊಂಡ್ಯಾ? ಬೈತಾಳೆ ಕಣೇ! ಅಕ್ಕನ ಮಗಳು ನನ್ನನ್ನ ಬೈತಾಳೆ!"

"ಊರಿಗೇ ಕೇಳಿಸ್ತು" ಎಂದೆ.

ಲೊರೇನ್ ಒದ್ದೆ ಬಟ್ಟೆಯನ್ನು ಅವಳ ಮಡಿಲಿಗೆ ಹಾಕಿದಳು. "ಮೊದಲು ಒರೆಸು. ಬಣ್ಣ ಒಣಗುತ್ತೆ. ಆಮೇಲೆ ಅಳು."

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಟಿಲ್ಲಿ ನಂಗಲಾ, ಸುರ್ ಎಂದು ಮೂಗೆಳೆದುಕೊಂಡು, ಬಗ್ಗಿ ಒರೆಸಿದಳು.